ಡಬ್ಬ ಯಾವಾಗ ಬತ್ತದು? (ಮುಂಗಡ ಕೊಟ್ಟು ಕಾದವರ ಕಥೆ)

ತುಂಬಾ ದಿನದಿಂದ ಬರೀಬೇಕು ಅಂದುಕೊಂಡಿದ್ದ ವಿಷಯ ಇದು. ಸ್ವಲ್ಪ ಉದ್ದ ಆಗಬಹುದು. ಕಾಫಿ ಹಿಡ್ಕೊಂಡು ಕೂತ್ಕೊಳ್ಳಿ :-)

2022ರಲ್ಲಿ ಸುಮಾರು ಎಂಟು ತಿಂಗಳು ನಾನು ಊರಿನ ಫೋನ್ ಬಂದರೆ ತೆಗೆಯೋಕೆ ಹೆದರ್ತಿದ್ದೆ. ಊರು ಅಂದ್ರೆ ಗುಂಡ್ಲುಪೇಟೆ ಹತ್ತಿರದ ಒಂದು ಹಳ್ಳಿ, ನಮ್ಮಮ್ಮನ ತವರು. ಆ ಕಡೆ ಅರಿಶಿನ, ಬಾಳೆ, ಚೆಂಡುಹೂವು ಬೆಳೀತಾರೆ. ಹೊಲದ ಆಚೆ ಬಂಡೀಪುರದ ಕಾಡು. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ರಾತ್ರಿ ಬಂದರೆ ರಾತ್ರೀನೇ ಎದ್ದು ಹೋಗಿ ಮೋಟರ್ ಹಾಕಬೇಕು. ಕೈಯಲ್ಲಿ ಟಾರ್ಚು, ಕಿವಿಯೆಲ್ಲಾ ಆನೆ ಕಡೆಗೆ. ನಾನಾಗ ಕೆಲಸ ಮಾಡ್ತಿದ್ದ ಬೆಂಗಳೂರಿನ ಒಂದು ಪುಟ್ಟ ಕಂಪನಿ (ಹೆಸರು ಬೇಡ ಬಿಡಿ) ಮನೆಯಲ್ಲೇ ಕೂತು ಮೊಬೈಲಿನಿಂದ ಮೋಟರ್ ಹಾಕಿ ಆರಿಸೋ ಒಂದು ಡಬ್ಬ ಮಾಡಿತ್ತು. ಇಂಥವು ಬೇರೆಯವರದ್ದೂ ಇವೆ, ನಮ್ಮದು ಸ್ವಲ್ಪ ಅಗ್ಗ. ಅದರ ಒಳಗಿನ ಪ್ರೋಗ್ರಾಮ್ ಬರೆದವರಲ್ಲಿ ನಾನೂ ಒಬ್ಬ.

ಮುಂಗಡ ಬುಕಿಂಗ್ ಶುರುವಾದಾಗ ನಮ್ಮ ಮಾವ ಮೊದಲು ದುಡ್ಡು ಕೊಟ್ಟರು. ಅವರನ್ನು ನೋಡಿ ಅಕ್ಕಪಕ್ಕದವರೂ ಕೊಟ್ಟರು. ಒಟ್ಟು 23 ಜನ, ತಲೆಗೆ 2000 ರೂಪಾಯಿ. ನಾಲ್ಕು ತಿಂಗಳಲ್ಲಿ ಕೊಡ್ತೀವಿ ಅಂದಿದ್ದೆವು. ಅಷ್ಟರಲ್ಲಿ ಪ್ರಪಂಚದಲ್ಲೆಲ್ಲ ಚಿಪ್ ಕೊರತೆ. ಅದು ಸಾಲದು ಅಂತ ನಮ್ಮದೇ ಬೋರ್ಡಿನಲ್ಲಿ ಒಂದು ತಪ್ಪು ಸಿಕ್ಕಿ ಮತ್ತೆ ಮಾಡಿಸಬೇಕಾಯ್ತು. ನಾಲ್ಕು ಎಂಟಾಯ್ತು, ಎಂಟು ಹನ್ನೆರಡಾಯ್ತು. ಮಾವ ಫೋನ್ ಮಾಡಿದಾಗಲೆಲ್ಲ ಒಂದೇ ಮಾತು: "ಏನ್ಲಾ ಕೂಸು, ಡಬ್ಬ ಯಾವಾಗ್ ಬತ್ತದು?"

ಆಫೀಸಿನಲ್ಲಿ ಗ್ರಾಹಕರಿಗೆ ಒಂದು ಪತ್ರ ಬರೆಯೋ ಕೆಲಸ ನನ್ನ ತಲೆಗೇ ಬಂತು, ಕನ್ನಡ ಚೆನ್ನಾಗಿ ಬರುತ್ತೆ ಅಂತ! ಮೂರು ಸಲ ಬರೆದೆ, ಮೂರು ಸಲ ಹರಿದೆ. ನಮಗಿಂತ ಮುಂಚೆ ಹೀಗೆ ಜನರನ್ನು ಕಾಯಿಸಿ, ಆಮೇಲೆ ನಂಬಿಕೆ ವಾಪಸ್ ಪಡೆದವರು ಯಾರಾದರೂ ಇದ್ದಾರಾ ಅಂತ ಹುಡುಕೋಕೆ ಶುರು ಮಾಡಿದ್ದು ಆಗಲೇ. ಇದ್ದಾರೆ. ಅದರಲ್ಲೂ ಒಂದು ಒಳ್ಳೆ ಉದಾಹರಣೆ ನಮ್ಮ ಕರ್ನಾಟಕದಲ್ಲೇ ಇದೆ. ಅದನ್ನು ಹೇಳೋಕೆ ಮುಂಚೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕಾಯೋದೇ ಬದುಕಾಗಿದ್ದ ಕಾಲ

ಈಗಿನವರಿಗೆ 'ಪ್ರೀ ಆರ್ಡರ್' ಅನ್ನೋದು ಹೊಸ ಮಾತು ಅನ್ನಿಸಬಹುದು. ನಮ್ಮ ತಾತನ ಕಾಲದಲ್ಲಿ ಎಲ್ಲಾನೂ ಪ್ರೀ ಆರ್ಡರೇ. ಯಾವ ಕಾರ್ಖಾನೆ ವರ್ಷಕ್ಕೆ ಎಷ್ಟು ತಯಾರಿಸಬಹುದು ಅಂತ ಸರ್ಕಾರವೇ ಲೈಸೆನ್ಸ್ ಕೊಟ್ಟು ನಿರ್ಧರಿಸ್ತಿತ್ತು. ಸ್ಕೂಟರನ್ನು ಯಾರಿಗೆ ಹೇಗೆ ಮಾರಬೇಕು ಅನ್ನೋದಕ್ಕೇ 1960ರಲ್ಲಿ ಒಂದು ನಿಯಂತ್ರಣ ಆದೇಶ ಬಂದಿತ್ತು. 1972ರಲ್ಲಿ ಬಜಾಜ್ ಚೇತಕ್ ಬಂದ ಮೇಲಂತೂ ಅದಕ್ಕಾಗಿ ವರ್ಷಗಟ್ಟಲೆ, ಕೆಲವು ಕಡೆ ಹತ್ತು ವರ್ಷದವರೆಗೂ ಕಾಯ್ತಿದ್ದರು. ಮಗಳ ಮದುವೆಗೆ ಸ್ಕೂಟರ್ ಬೇಕು ಅಂದರೆ ಅವಳು ಹೈಸ್ಕೂಲಿನಲ್ಲಿದ್ದಾಗಲೇ ಬುಕ್ ಮಾಡಬೇಕು ಅನ್ನೋದು ಆಗಿನ ಜೋಕು.

ನಮ್ಮಪ್ಪನ ಅಪ್ಪ ಚಾಮರಾಜನಗರದಲ್ಲಿ ಮೇಷ್ಟ್ರಾಗಿದ್ದವರು. ಅವರೂ ಒಂದು ಸ್ಕೂಟರ್ ಬುಕ್ ಮಾಡಿದ್ದರು. ಮೈಸೂರಿನಲ್ಲೇ ತಯಾರಾಗ್ತಿದ್ದ ಜಾವಾ ಮೋಟರ್ ಸೈಕಲ್ ಬೇಡ, ಪಂಚೆ ಉಟ್ಟು ಕೂರೋಕೆ ಸ್ಕೂಟರ್ರೇ ಬೇಕು ಅಂತ ಹಟ. ಯಾವ ಕಂಪನಿ ಅಂತ ಹೇಳಲ್ಲ, ಆರು ವರ್ಷ ಕಾದರು. ಅವರು ತೀರಿಕೊಂಡ ಮೇಲೆ ಟ್ರಂಕಿನಲ್ಲಿ ಆ ರಸೀತಿ ಸಿಕ್ತು. ಅದರ ಜೊತೆ ಐದು ಪೋಸ್ಟ್ ಕಾರ್ಡು. ಶೋರೂಮಿನ ಗುಮಾಸ್ತರೊಬ್ಬರು ವರ್ಷಕ್ಕೊಂದು ಕಾರ್ಡು ಹಾಕ್ತಿದ್ದರಂತೆ. ಒಂದೊಂದರಲ್ಲೂ ಒಂದೇ ಸಾಲು, ನಿಮ್ಮ ಕ್ರಮಸಂಖ್ಯೆ ಈಗ ಇಷ್ಟು ಅಂತ. ಮೊದಲನೇ ಕಾರ್ಡಿನಲ್ಲಿ 1140, ಕೊನೆಯದರಲ್ಲಿ 96. ತಾತ ಆ ಕಂಪನಿಯನ್ನು ಬೈದಿದ್ದು ಯಾರಿಗೂ ನೆನಪಿಲ್ಲ. ಈ ಕಾರ್ಡುಗಳ ವಿಷಯಕ್ಕೆ ಆಮೇಲೆ ಬರ್ತೀನಿ.

ಸ್ಕೂಟರ್ ಆದರೂ ವಾಸಿ, ಟೆಲಿಫೋನ್ ಇನ್ನೂ ಕಷ್ಟ. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲೇ ಬೆಂಗಳೂರಿನಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಶುರುವಾಗಿತ್ತು. ಅದರ ಸುತ್ತ ಬೆಳೆದ ಊರಿಗೆ ದೂರವಾಣಿನಗರ ಅಂತಲೇ ಹೆಸರು. ಅಷ್ಟಿದ್ದರೂ ಫೋನ್ ಸಾಲುತ್ತಿರಲಿಲ್ಲ. 1981ರಲ್ಲಿ ಇಡೀ ದೇಶಕ್ಕೆ ಇದ್ದದ್ದು ಸುಮಾರು 20 ಲಕ್ಷ ಸಂಪರ್ಕ. ಆಗಿನ ಜನಸಂಖ್ಯೆ 68 ಕೋಟಿ! ಬೇರೆ ಊರಿಗೆ ಮಾತಾಡಬೇಕು ಅಂದರೆ ಪೋಸ್ಟಾಫೀಸಿಗೆ ಹೋಗಿ ಟ್ರಂಕ್ ಕಾಲ್ ಬುಕ್ ಮಾಡಿ ಬೆಂಚಿನ ಮೇಲೆ ಕೂರಬೇಕು. ಅದರಲ್ಲೂ ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಅಂತ ಮೂರು ತರಗತಿ. ನಮ್ಮಜ್ಜಿ ಹೇಳೋ ಪ್ರಕಾರ ಯಾರಾದರೂ ಲೈಟ್ನಿಂಗ್ ಕಾಲ್ ಬುಕ್ ಮಾಡಿದರು ಅಂದರೆ ಅವರ ಮನೆಯಲ್ಲಿ ಸಾವಾಗಿದೆ ಅಂತಲೇ ಲೆಕ್ಕ.

ಮನೆಗೇ ಫೋನ್ ಬೇಕು ಅಂದವರು ಅರ್ಜಿ ಹಾಕಿ, ಠೇವಣಿ ಕಟ್ಟಿ, ಪಟ್ಟಿಯಲ್ಲಿ ಹೆಸರು ಬರೆಸಬೇಕಿತ್ತು. ಎಂಬತ್ತರ ದಶಕದ ಆರಂಭದಲ್ಲಿ ಸಂಪರ್ಕ ಸಚಿವರಾಗಿದ್ದವರು ಸಿ. ಎಂ. ಸ್ಟೀಫನ್. ಫೋನ್ ಸರಿಯಿಲ್ಲ ಅಂತ ದೂರು ಬಂದಾಗ ಅವರು ಕೊಟ್ಟ ಉತ್ತರ ಆಮೇಲೆ ತುಂಬಾ ಪ್ರಸಿದ್ಧಿ ಆಯ್ತು. ಫೋನ್ ಅನ್ನೋದು ಹಕ್ಕಲ್ಲ, ಐಷಾರಾಮ, ಬೇಸರ ಆದವರು ವಾಪಸ್ ಕೊಡಬಹುದು, ತಗೊಳ್ಳೋಕೆ ಕಾಯೋರು ಬೇಕಾದಷ್ಟಿದ್ದಾರೆ ಅನ್ನೋದು ಅದರ ತಾತ್ಪರ್ಯ. ಬೇಡ ಅಂದರೆ ಹೋಗು ಅನ್ನೋ ಈ ಧೋರಣೆಯನ್ನ ಕಾಯ್ತಾ ಇರೋ ಗ್ರಾಹಕ ಮಾತ್ರ ಮರೆಯಲ್ಲ. ತಡವಾಗಿದ್ದನ್ನು ಕ್ಷಮಿಸ್ತಾನೆ, ಇದನ್ನು ಕ್ಷಮಿಸಲ್ಲ. ನಾನು ಹರಿದು ಹಾಕಿದ ಮೊದಲನೇ ಪತ್ರದಲ್ಲಿ ಸೌಮ್ಯವಾದ ಭಾಷೆಯಲ್ಲಿ ಹೆಚ್ಚುಕಡಿಮೆ ಇದೇ ಇತ್ತು. "ಜಾಗತಿಕ ಪರಿಸ್ಥಿತಿಯನ್ನು ಅರ್ಥಮಾಡಿಕೊಳ್ಳುವಿರೆಂದು ನಂಬಿದ್ದೇವೆ" ಅಂತ ಬರೆದಿದ್ದೆ. ಯಾಕೆ ಅರ್ಥ ಮಾಡ್ಕೋಬೇಕು ಅವರು?

36 ತಿಂಗಳು, 36 ಕೋಟಿ

ಈಗ ನಮ್ಮ ಕಥೆಗೆ. ಸ್ಯಾಮ್ ಪಿತ್ರೋಡಾ ಹೆಸರು ಕೇಳಿರ್ತೀರಿ. ಒರಿಸ್ಸಾದ ಟಿಟಿಲಾಗಢದಲ್ಲಿ ಹುಟ್ಟಿ, ಅಮೆರಿಕಾದ ಚಿಕಾಗೋಗೆ ಹೋಗಿ, ಅಲ್ಲಿ ಡಿಜಿಟಲ್ ಎಕ್ಸ್‌ಚೇಂಜ್ ಮಾಡಿ ದುಡ್ಡು ಸಂಪಾದಿಸಿದವರು. ಭಾರತಕ್ಕೆ ಬೇಕಾದ ಡಿಜಿಟಲ್ ಎಕ್ಸ್‌ಚೇಂಜ್ ಇಲ್ಲೇ ಮಾಡಬಹುದು ಅಂತ ಇಂದಿರಾ ಗಾಂಧಿಯವರನ್ನೂ ರಾಜೀವ್ ಗಾಂಧಿಯವರನ್ನೂ ಒಪ್ಪಿಸಿದರು. 1984ರ ಆಗಸ್ಟಿನಲ್ಲಿ ಸಿ-ಡಾಟ್ ಅನ್ನೋ ಸಂಸ್ಥೆ ಹುಟ್ಟಿತು. ದೆಹಲಿ ಮತ್ತು ಬೆಂಗಳೂರು ಎರಡೂ ಕಡೆ ಕೆಲಸ. ಪಿತ್ರೋಡಾ ಸಂಬಳ ವರ್ಷಕ್ಕೆ 1 ರೂಪಾಯಿ. ಕೊಟ್ಟ ಮಾತು: 36 ತಿಂಗಳು, 36 ಕೋಟಿ ರೂಪಾಯಿ. ಕೆಲಸಕ್ಕೆ ಸೇರಿದ ಇಂಜಿನಿಯರುಗಳಲ್ಲಿ ಹೆಚ್ಚಿನವರು ಇಪ್ಪತ್ತು ಚಿಲ್ಲರೆ ವಯಸ್ಸಿನವರು, ಅಂದರೆ ನನ್ನ ವಯಸ್ಸಿನವರೇ.

ಎಕ್ಸ್‌ಚೇಂಜ್ ಅಂದರೇನು ಅಂತ ಒಂದು ಮಾತು. ನೀವು ಒಂದು ನಂಬರ್ ತಿರುಗಿಸಿದಾಗ ಊರಿನ ನೂರಾರು ತಂತಿಗಳಲ್ಲಿ ಸರಿಯಾದ ಎರಡನ್ನು ಹುಡುಕಿ ಜೋಡಿಸೋ ಯಂತ್ರ ಅದು. ಹಳೇ ಕಾಲದವು ಪೂರ್ತಿ ಯಾಂತ್ರಿಕ, ಟಕಟಕ ಅಂತ ಸದ್ದು ಮಾಡ್ತಾ ಕಡ್ಡಿಗಳು ಮೇಲೆ ಕೆಳಗೆ ಓಡಾಡ್ತಿದ್ದವು. ಅರವತ್ತರ ದಶಕದಲ್ಲಿ ಬೆಲ್ಜಿಯಂ ಕಂಪನಿಯೊಂದರಿಂದ ಕ್ರಾಸ್‌ಬಾರ್ ಅನ್ನೋ ತಂತ್ರಜ್ಞಾನ ತಂದರು. ಅದು ಇಲ್ಲಿ ಒದ್ದಾಡಿತು. ಧೂಳು, ಸೆಕೆ ಒಂದು ಕಾರಣ. ಇನ್ನೊಂದು ಕಾರಣ ಸ್ವಾರಸ್ಯವಾಗಿದೆ. ಅಲ್ಲಿ ಮನೆಗೊಂದು ಫೋನ್, ದಿನಕ್ಕೆ ಕೆಲವೇ ಕರೆ. ಇಲ್ಲಿ ಬೀದಿಗೊಂದು ಫೋನ್, ಇಡೀ ಬೀದಿಯ ಕರೆಗಳೆಲ್ಲ ಅದರಲ್ಲೇ. ಅಷ್ಟು ಹೊರೆಗೆ ಅಂತ ಆ ಯಂತ್ರ ತಯಾರಾಗಿರಲೇ ಇಲ್ಲ.

ಆಮೇಲೆ 1982ರಲ್ಲಿ ಫ್ರಾನ್ಸಿನ ಸಿಐಟಿ-ಅಲ್ಕಾಟೆಲ್ ಜೊತೆ ಒಪ್ಪಂದ ಆಗಿ, ಉತ್ತರ ಪ್ರದೇಶದ ಮಂಕಾಪುರದಲ್ಲಿ ದೊಡ್ಡ ಡಿಜಿಟಲ್ ಎಕ್ಸ್‌ಚೇಂಜ್ ತಯಾರಿಸೋ ಕಾರ್ಖಾನೆ ಬಂತು. ಅದು ಪಟ್ಟಣಗಳಿಗೆ ಸರಿ. ಎಸಿ ಬೇಕು, ಸಾವಿರಾರು ಲೈನ್ ಇದ್ದರೆ ಮಾತ್ರ ಲೆಕ್ಕಕ್ಕೆ ಬರುತ್ತೆ. ಗುಂಡ್ಲುಪೇಟೆ ಪಕ್ಕದ ಹಳ್ಳಿಗೆ ಬೇಕಾಗಿದ್ದದ್ದು ನೂರು ಲೈನಿನದ್ದು, ಅದೂ ಕರೆಂಟ್ ಹೋಗಿ ಬಂದು ಮಾಡೋ ಕಡೆ!

ಸಿ-ಡಾಟ್‌ನ ಜಾಣತನ ಇಲ್ಲಿದೆ. ದೊಡ್ಡ ಎಕ್ಸ್‌ಚೇಂಜೇ ಎಲ್ಲರ ಕಣ್ಣಿನಲ್ಲಿದ್ದರೂ ಅವರು ಮೊದಲು ಹೊರಗೆ ತಂದಿದ್ದು ಚಿಕ್ಕದನ್ನ. 128 ಪೋರ್ಟಿನ ಗ್ರಾಮೀಣ ಎಕ್ಸ್‌ಚೇಂಜ್, 'ರಾಕ್ಸ್' ಅಂತ ಅದರ ಹೆಸರು. ಗಾತ್ರ ಒಂದು ಸಣ್ಣ ಫ್ರಿಜ್ಜಿನಷ್ಟು. ಕಡಿಮೆ ಕರೆಂಟ್ ತಿನ್ನೋ ಚಿಪ್‌ಗಳು, ಧೂಳು ಹೋಗದ ಹಾಗೆ ಲೋಹದ ಪೆಟ್ಟಿಗೆ, ಎಸಿ ಬೇಕಾಗಿಲ್ಲ. ಬೀದಿಗೊಂದೇ ಫೋನ್ ಇದ್ದಾಗ ಬೀಳೋ ಹೊರೆಯನ್ನೂ ಲೆಕ್ಕ ಹಾಕೇ ಮಾಡಿದ್ದು.

ಅದರ ಮೊದಲ ಪೆಟ್ಟಿಗೆಯನ್ನ ನಿಜವಾದ ಊರಲ್ಲಿ, ನಿಜವಾದ ಜನರ ಮಧ್ಯೆ ಇಟ್ಟು ಚಾಲೂ ಮಾಡಿದ್ದು 1986ರ ಜುಲೈನಲ್ಲಿ, ನಮ್ಮ ಕಿತ್ತೂರಿನಲ್ಲಿ! ಹೌದು, ಚೆನ್ನಮ್ಮನ ಕಿತ್ತೂರೇ. ಬೆಳಗಾವಿ ಜಿಲ್ಲೆಯ ಆ ಊರಿನ ಚರಿತ್ರೆಯಲ್ಲಿ 1824 ಎಲ್ಲರಿಗೂ ಗೊತ್ತು, 1986 ಯಾರಿಗೂ ಗೊತ್ತಿಲ್ಲ. ಗಡುವಿಗೆ ಇನ್ನೂ ಒಂದು ವರ್ಷ ಇರೋವಾಗಲೇ ಕೆಲಸ ಮಾಡೋ ಒಂದು ವಸ್ತು ಜನರ ಕೈಗೆ ಸಿಕ್ಕಿತ್ತು.

ತಡ ಆಗಿದ್ದು

ಹಾಗಂತ ಎಲ್ಲಾ ಹೇಳಿದ ಟೈಮಿಗೆ ಆಯ್ತಾ? ಇಲ್ಲ. 1987ರ ಆಗಸ್ಟಿಗೆ 36 ತಿಂಗಳು ಮುಗೀತು. ಅಷ್ಟರಲ್ಲಿ ಗ್ರಾಮೀಣ ಎಕ್ಸ್‌ಚೇಂಜ್ ಬಂದಿತ್ತು, ಆಫೀಸುಗಳಿಗೆ ಬೇಕಾದ 128 ಲೈನಿನದ್ದು ಬಂದಿತ್ತು, 512 ಲೈನಿನದ್ದೂ ಬಂದಿತ್ತು. ಪಟ್ಟಣಗಳು ಕಾಯ್ತಿದ್ದ 10,000 ಲೈನಿನ ದೊಡ್ಡದು ಮಾತ್ರ ಇನ್ನೂ ಪರೀಕ್ಷೆಯ ಹಂತದಲ್ಲೇ ಇತ್ತು. ಟೀಕೆ ಶುರುವಾಯ್ತು. ವಿದೇಶಿ ಕಂಪನಿಗಳಿಗೂ ಇದು ಬೇಕಾಗಿದ್ದೇ. 1989ರ ಕೊನೆಯಲ್ಲಿ ಸರ್ಕಾರ ಬದಲಾಯ್ತು. 1990ರಲ್ಲಿ ಹೊಸ ಸಂಪರ್ಕ ಸಚಿವ ಕೆ. ಪಿ. ಉಣ್ಣಿಕೃಷ್ಣನ್ ಅವರಿಗೂ ಪಿತ್ರೋಡಾ ಅವರಿಗೂ ಬಹಿರಂಗ ಜಗಳವೇ ನಡೀತು. ಸಿ-ಡಾಟ್ ಕೆಲಸ ಪರಿಶೀಲಿಸೋಕೆ ಕೆ. ಪಿ. ಪಿ. ನಂಬಿಯಾರ್ ಅವರ ನೇತೃತ್ವದಲ್ಲಿ ಒಂದು ಸಮಿತಿ ಬಂತು.

ಸಾಮಾನ್ಯವಾಗಿ ನಮ್ಮ ದೇಶದಲ್ಲಿ ಇಂಥ ಯೋಜನೆಗಳು ಸಾಯೋದು ಇಲ್ಲೇ. ಗಡುವು ಮೀರಿದೆ, ಬೆನ್ನಿಗಿದ್ದ ಸರ್ಕಾರ ಹೋಗಿದೆ, ಸಮಿತಿ ಬಂದಿದೆ, ಇನ್ನೇನು ಬೇಕು? ಆದರೆ ಇದು ಸಾಯಲಿಲ್ಲ. ಯಾಕೆ?

ನನಗೆ ತೋಚೋ ಉತ್ತರ ಇಷ್ಟೇ. ಆ ಹೊತ್ತಿಗೆ ಹಳ್ಳಿಗಳಲ್ಲಿ ರಾಕ್ಸ್ ಪೆಟ್ಟಿಗೆಗಳು ಓಡ್ತಾ ಇದ್ದವು. ಕರ್ನಾಟಕದಲ್ಲಂತೂ ದಿನಕ್ಕೊಂದು ಗ್ರಾಮೀಣ ಎಕ್ಸ್‌ಚೇಂಜ್ ಅನ್ನೋ ಗುರಿ ಇಟ್ಟುಕೊಂಡು ಕೂರಿಸ್ತಿದ್ದರು. ಸಿ-ಡಾಟ್ ಮೋಸ ಅಂತ ದೆಹಲಿಯಲ್ಲಿ ಯಾರಾದರೂ ಅಂದರೆ, ಪಂಚಾಯ್ತಿ ಆಫೀಸಿನ ಪಕ್ಕದ ರೂಮಿನಲ್ಲಿ ಅದೇ ಸಿ-ಡಾಟ್ ಪೆಟ್ಟಿಗೆಯಿಂದ ಮೈಸೂರಿಗೆ ಮಾತಾಡಿದವನು ನಂಬೋದು ಯಾರನ್ನ? ದೊಡ್ಡದು ಯಾಕೆ ತಡ ಆಯ್ತು ಅನ್ನೋ ವಿವರಣೆಗಿಂತ ಚಿಕ್ಕದು ನಡೀತಿರೋದೇ ದೊಡ್ಡ ಸಾಕ್ಷಿ. ಕೊನೆಗೆ ಆ 10,000 ಲೈನಿನ ಎಕ್ಸ್‌ಚೇಂಜ್ 1991ರಲ್ಲಿ ಬೆಂಗಳೂರಿನ ಹಲಸೂರಿನಲ್ಲಿ ಚಾಲೂ ಆಯ್ತು. ಹೇಳಿದ್ದಕ್ಕಿಂತ ಸುಮಾರು ನಾಲ್ಕು ವರ್ಷ ತಡ. ಆದರೂ ಇವತ್ತು ಸಿ-ಡಾಟ್ ಅಂದರೆ ಯಾರೂ ಆ ನಾಲ್ಕು ವರ್ಷವನ್ನ ನೆನೆಸಿಕೊಳ್ಳಲ್ಲ.

ಆ ಕಾಲದ ಇನ್ನೊಂದು ವಸ್ತು ಎಸ್‌ಟಿಡಿ ಬೂತು, ಹಳದಿ ಬೋರ್ಡಿನದ್ದು. 1991ರಲ್ಲೂ ದೇಶದಲ್ಲಿ ಸುಮಾರು 50 ಲಕ್ಷ ಸಂಪರ್ಕ ಇದ್ದಾಗ ಕಾಯೋ ಪಟ್ಟಿಯಲ್ಲಿ ಸುಮಾರು 20 ಲಕ್ಷ ಜನ ಇದ್ದರು. ಪಟ್ಟಿ ಕರಗೋವರೆಗೂ ಸುಮ್ಮನೆ ಕೂರದೆ, ಫೋನ್ ಇಲ್ಲದವನೂ ಮಾತಾಡೋ ಹಾಗೆ ಮಾಡಿದ್ದು ಈ ಬೂತುಗಳು. ನಾನು ಚಿಕ್ಕವನಿದ್ದಾಗ ಗುಂಡ್ಲುಪೇಟೆ ಬಸ್ ಸ್ಟ್ಯಾಂಡ್ ಹತ್ತಿರದ ಬೂತಿನಿಂದ ಅಮ್ಮ ಚಾಮರಾಜನಗರಕ್ಕೆ ಮಾಡ್ತಿದ್ದರು, 08226 ಒತ್ತಿ. ಬೂತಿನೊಳಗೆ ಮಾತಾಡೋನ ಕಣ್ಣ ಮುಂದೇನೇ ಕೆಂಪು ಅಂಕಿಗಳ ಮೀಟರ್ ಇರ್ತಿತ್ತು. ಎಷ್ಟು ಸೆಕೆಂಡ್, ಎಷ್ಟು ರೂಪಾಯಿ ಎಲ್ಲಾ ಕಾಣ್ತಿತ್ತು. ಕೊನೆಗೆ ಪುಟ್ಟ ಬಿಲ್ಲು. ಸರ್ಕಾರವನ್ನ ನಂಬದವರೂ ಆ ಮೀಟರನ್ನ ನಂಬ್ತಿದ್ದರು. ಮೀಟರಿನ ಹಿಂದೆ ಪರಿಚಯದವನೊಬ್ಬ ಕೂತಿರ್ತಿದ್ದ, ಮೋಸ ಮಾಡಿದರೆ ನಾಳೆ ಅದೇ ಬೀದಿಯಲ್ಲಿ ಅವನ ಮುಖ ನೋಡಬಹುದಿತ್ತು, ಅದೂ ಒಂದು ಕಾರಣ.

ಹೊರಗಿನ ಒಂದು, ಈಚಿನ ಒಂದು

ಪೂರ್ತಿ ಮುರಿದ ನಂಬಿಕೆ ವಾಪಸ್ ಬಂದ ಉದಾಹರಣೆ ಬೇಕು ಅಂದರೆ ಕರ್ನಾಟಕದಾಚೆ ಮಾರುತಿ ಇದೆ. 1971ರಲ್ಲಿ ಶುರುವಾದ ಹಳೇ ಮಾರುತಿ ಕಂಪನಿ, ಸಂಜಯ್ ಗಾಂಧಿಯವರದ್ದು, ಜನರ ಕಾರು ಕೊಡ್ತೀವಿ ಅಂತ ಡೀಲರುಗಳಿಂದ ಠೇವಣಿ ತಗೊಂಡಿತ್ತು. ಕಾರು ಬರಲೇ ಇಲ್ಲ. ಜಸ್ಟಿಸ್ ಎ. ಸಿ. ಗುಪ್ತ ಆಯೋಗ ವಿಚಾರಣೆ ಮಾಡಿತು, 1978ರಲ್ಲಿ ಹೈಕೋರ್ಟಿನ ಆದೇಶದಂತೆ ಕಂಪನಿ ಮುಚ್ಚಿತು. ಅದೇ ಹೆಸರನ್ನ ಇಟ್ಟುಕೊಂಡು 1981ರಲ್ಲಿ ಸರ್ಕಾರ ಮಾರುತಿ ಉದ್ಯೋಗ್ ಶುರು ಮಾಡಿತು. ಆ ಹೆಸರಿಗೆ ಯಾರು ಮತ್ತೆ ದುಡ್ಡು ಕೊಡ್ತಾರೆ?

ಕೊಟ್ಟರು! 1983ರಲ್ಲಿ ಬುಕಿಂಗ್ ತೆರೆದಾಗ ತಲಾ 10,000 ರೂಪಾಯಿ ಮುಂಗಡ ಇಟ್ಟು 1 ಲಕ್ಷಕ್ಕೂ ಹೆಚ್ಚು ಜನ ಹೆಸರು ಬರೆಸಿದರು. ಈ ಸಲ ಬೇರೆ ಏನಿತ್ತು? ಕಾರು ಮಾಡೋಕೆ ಗೊತ್ತಿದ್ದ ಸುಜುಕಿ ಪಾಲುದಾರನಾಗಿತ್ತು. ವಿ. ಕೃಷ್ಣಮೂರ್ತಿ, ಆರ್. ಸಿ. ಭಾರ್ಗವ ಅವರಂಥ ಕೆಲಸ ಗೊತ್ತಿದ್ದವರು ಮುಂದೆ ನಿಂತಿದ್ದರು. ಸುಜುಕಿ ಜೊತೆ ಒಪ್ಪಂದ ಆಗಿದ್ದು 1982ರ ಅಕ್ಟೋಬರ್ 2. ಮೊದಲ ಕಾರಿನ ಕೀಲಿ ದೆಹಲಿಯ ಹರ್ಪಾಲ್ ಸಿಂಗ್ ಅವರ ಕೈಗೆ ಸಿಕ್ಕಿದ್ದು 1983ರ ಡಿಸೆಂಬರ್ 14. ಹದಿನಾಲ್ಕು ತಿಂಗಳು ಮಾತ್ರ. ಆಮೇಲೂ ಬಹಳ ಜನ ವರ್ಷಗಟ್ಟಲೆ ಕಾದರು, ಆದರೆ ರಸ್ತೆಯಲ್ಲಿ ಪಕ್ಕದ ಮನೆಯವನ ಕಾರು ಓಡ್ತಾ ಇರೋವಾಗ ಕಾಯೋದಕ್ಕೂ, ಯಾರ ಹತ್ತಿರಾನೂ ಇಲ್ಲದಿದ್ದಾಗ ಕಾಯೋದಕ್ಕೂ ತುಂಬಾ ವ್ಯತ್ಯಾಸ ಇದೆ.

ಈಚೆಗೆ ಬೆಂಗಳೂರಿನಲ್ಲೇ ಇಂಥದ್ದೊಂದು ಆಯ್ತು. ಐಐಟಿ ಮದ್ರಾಸಿನ ಇಬ್ಬರು ಹುಡುಗರು, ತರುಣ್ ಮೆಹ್ತಾ ಮತ್ತು ಸ್ವಪ್ನಿಲ್ ಜೈನ್, 2013ರಲ್ಲಿ ಕಟ್ಟಿದ ಏಥರ್ ಕಂಪನಿ ತನ್ನ ಎಲೆಕ್ಟ್ರಿಕ್ ಸ್ಕೂಟರನ್ನ 2016ರ ಫೆಬ್ರವರಿಯಲ್ಲಿ ಜನರಿಗೆ ತೋರಿಸಿತು. ಮಾರಾಟಕ್ಕೆ ಬಂದಿದ್ದು 2018ರ ಜೂನ್. ಎರಡು ವರ್ಷಕ್ಕೂ ಜಾಸ್ತಿ. ಆದರೆ ಸ್ಕೂಟರ್ ಜನರ ಕೈಗೆ ಬರೋ ಮುಂಚೆಯೇ ಬೆಂಗಳೂರಿನಲ್ಲಿ ಚಾರ್ಜಿಂಗ್ ಪಾಯಿಂಟುಗಳನ್ನ ಹಾಕಿದರು. ಮಾಲಿನಲ್ಲೋ ಕೆಫೆಯಲ್ಲೋ ಗೋಡೆಗೆ ನೇತು ಹಾಕಿದ್ದ ಆ ಪುಟ್ಟ ಡಬ್ಬ ನೋಡಿದಾಗ ನನಗೆ ಕಿತ್ತೂರಿನ ಪೆಟ್ಟಿಗೆಯೇ ನೆನಪಾಗೋದು. ಇವರು ಸುಮ್ಮನೆ ಕೂತಿಲ್ಲ ಅನ್ನೋದಕ್ಕೆ ಮುಟ್ಟಿ ನೋಡಬಹುದಾದ ಸಾಕ್ಷಿ.

ಉಲ್ಟಾ ಉದಾಹರಣೆಗೆ ದೂರ ಹೋಗೋದೇ ಬೇಡ. ಚಾಮರಾಜನಗರಕ್ಕೆ ರೈಲು ಬಂದಿದ್ದು 1926ರಲ್ಲಿ. ಅಲ್ಲಿಂದ ಮುಂದೆ ಸತ್ಯಮಂಗಲದ ಕಾಡು ದಾಟಿ ಮೆಟ್ಟುಪಾಳ್ಯದವರೆಗೆ ಹೋಗೋ ಮಾರ್ಗದ ಮಾತು ದಶಕಗಳಿಂದ ಇದೆ. ಕಾಡು, ಆನೆಗಳ ದಾರಿ, ಆಕ್ಷೇಪಗಳು, ಎಲ್ಲಾ ನ್ಯಾಯವಾದ ಕಾರಣಗಳೇ. ಆದರೆ ಒಂದು ಕಿಲೋಮೀಟರ್ ಹಳಿಯೂ ಕಣ್ಣಿಗೆ ಕಾಣದಿದ್ದಾಗ ಕಾರಣ ಎಷ್ಟು ನ್ಯಾಯವಾಗಿದ್ದರೇನು? ನಮ್ಮೂರಲ್ಲಿ ಆಗದ ಕೆಲಸಕ್ಕೆ "ಮೆಟ್ಟುಪಾಳ್ಯದ ರೈಲು ಬಂದಂಗೆ" ಅಂತ ನಮ್ಮಪ್ಪ ಈಗಲೂ ಅಂತಾರೆ. ನನ್ನ ಡಬ್ಬಕ್ಕೂ ಒಂದು ಸಲ ಹಾಗೇ ಅಂದರು. ಚುಚ್ಚಿತು.

ಗುಂಡ್ಲುಪೇಟೆಗೆ ಹೋಗಿದ್ದು

ಇಷ್ಟು ಓದಿದ ಮೇಲೆ ನನಗೆ ಒಂದು ಹೊಳೀತು. ನಾನು ಬರೆದು ಹರಿದ ಮೂರೂ ಪತ್ರಗಳಲ್ಲಿ ಇದ್ದದ್ದು ನಮ್ಮ ಕಷ್ಟ. ಚಿಪ್ ಸಿಗಲಿಲ್ಲ, ಬೋರ್ಡ್ ಕೆಟ್ಟಿತು, ನಾವು ರಾತ್ರಿ ಎಲ್ಲಾ ಕೆಲಸ ಮಾಡ್ತಿದ್ದೀವಿ ಅಂತ. ರಾತ್ರಿ ಎಲ್ಲಾ ಎದ್ದಿರೋರು ಅವರು ಸ್ವಾಮಿ, ಆನೆ ಓಡಾಡೋ ಕಡೆ! ತಾತನ ಪೋಸ್ಟ್ ಕಾರ್ಡಿನಲ್ಲಿ ಕಂಪನಿಯ ಕಷ್ಟದ ಒಂದು ಅಕ್ಷರ ಇರಲಿಲ್ಲ. ತಾತನ ಸಂಖ್ಯೆ ಇತ್ತು, ಮತ್ತು ಅದು ವರ್ಷ ವರ್ಷ ಕಡಿಮೆ ಆಗ್ತಿತ್ತು. ಅಷ್ಟೇ ಸಾಕಾಗಿತ್ತು ಆ ಮನುಷ್ಯನಿಗೆ.

ಮ್ಯಾನೇಜರ್ ಹತ್ತಿರ ಎರಡು ವಿಷಯ ಕೇಳಿದೆ. ಒಂದು, ಪರೀಕ್ಷೆ ಮುಗಿಸಿದ ಒಂದು ಡಬ್ಬ ಕೊಡಿ, ಒಂದೇ ಸಾಕು. ಇನ್ನೊಂದು, ಕೇಳಿದವರಿಗೆ ಅಲ್ಲೇ ದುಡ್ಡು ವಾಪಸ್ ಕೊಡೋಕೆ ಒಪ್ಪಿಗೆ ಕೊಡಿ. ಎರಡನೆಯದಕ್ಕೆ ಸ್ವಲ್ಪ ಗೊಣಗಾಟ ಆಯ್ತು. ಎಲ್ಲರೂ ವಾಪಸ್ ಕೇಳಿದರೆ ಅಂತ ಭಯ. ಭಯ ಇದ್ದದ್ದು ನನಗೂ. ಕೊನೆಗೆ ಒಪ್ಪಿದರು.

ಒಂದು ಭಾನುವಾರ ಬೆಳಿಗ್ಗೆ ಬಸ್ಸಿಳಿದು ಹಳ್ಳಿಗೆ ಹೋದೆ. ಮಾವನ ಪಂಪ್‌ಸೆಟ್ ಶೆಡ್ಡಿನಲ್ಲಿ ಡಬ್ಬ ಕೂರಿಸಿದೆ. ಇಪ್ಪತ್ತಮೂರರಲ್ಲಿ ಹದಿನೇಳು ಜನ ಬಂದಿದ್ದರು. ಭಾಷಣ ಏನೂ ಮಾಡಲಿಲ್ಲ, ಬರಲ್ಲ ಕೂಡ. ಬೋರ್ಡಿನ ತಪ್ಪು ನಮ್ಮದೇ ಅಂತ ಹೇಳಿದೆ. ಚಿಪ್ ಎಷ್ಟು ಬಂದಿದೆ, ಅದರಲ್ಲಿ ಈ ಊರಿಗೆ ಯಾವ ತಿಂಗಳು ಎಷ್ಟು ಡಬ್ಬ ಅಂತ ಒಂದು ಹಾಳೆಯಲ್ಲಿ ಬರೆದು ಶೆಡ್ಡಿನ ಬಾಗಿಲಿಗೆ ಅಂಟಿಸಿದೆ, ಹೆಸರು ಸಮೇತ. ನಮ್ಮ ಮಾವನ ಹೆಸರನ್ನ ಕೊನೆಗೆ ಹಾಕಿದೆ. ಅವರ ಶೆಡ್ಡಿನಲ್ಲಿರೋ ಈ ಡಬ್ಬ ತೋರಿಸೋಕೆ ಮಾತ್ರ, ಅವರ ಪಾಲಿನದ್ದು ಕೊನೆಗೇ ಬರೋದು ಅಂತ ಹೇಳಿದೆ. ಕಾಡಂಚಿನ ಹೊಲದವರಿಗೆ ಮೊದಲು. ಇದಕ್ಕೆ ಅತ್ತೆ ಒಂದು ವಾರ ನನ್ನ ಹತ್ತಿರ ಮಾತು ಬಿಟ್ಟಿದ್ದರು :-(

ದುಡ್ಡು ವಾಪಸ್ ಬೇಕಾದವರು ಹೇಳಿ ಅಂದೆ. ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬರು ವಯಸ್ಸಾದವರು ಎದ್ದು ಕೇಳಿದರು, ಮಗಳ ಮನೆಯಲ್ಲಿ ಕಷ್ಟ ಇದೆ ಅಂತ. ಫೋನಿನಲ್ಲೇ ಅವರ ಖಾತೆಗೆ ಹಾಕಿ ತೋರಿಸಿದೆ. ಅದನ್ನು ನೋಡಿ ಇನ್ನೂ ಐದು ಜನ ಕೇಳಿದರು. ಒಟ್ಟು ಆರು. ಉಳಿದವರು ಡಬ್ಬದ ಸುತ್ತ ನಿಂತು ಒಬ್ಬೊಬ್ಬರಾಗಿ ತಮ್ಮ ಮೊಬೈಲಿನಿಂದ ಮೋಟರ್ ಹಾಕಿ ಆರಿಸಿ ನೋಡಿದರು. ಆ ದಿನ ಮಾವನ ಬಾಳೆಗೆ ಬಿದ್ದಷ್ಟು ನೀರು ಯಾವತ್ತೂ ಬಿದ್ದಿರಲಿಲ್ಲ!

ಆ ಪಟ್ಟಿಯ ಪ್ರಕಾರವೇ ಎಲ್ಲಾ ನಡೀತು ಅಂತ ಹೇಳಿದರೆ ಸುಳ್ಳಾಗುತ್ತೆ. ಒಂದು ತಿಂಗಳು ಮತ್ತೆ ತಪ್ಪಿತು. ಆಗ ಫೋನ್ ಬರೋಕೆ ಮುಂಚೆ ನಾನೇ ಮಾವನಿಗೆ ಫೋನ್ ಮಾಡಿ, ಹಾಳೆಯಲ್ಲಿ ಆ ತಿಂಗಳು ಹೊಡೆದು ಮುಂದಿನ ತಿಂಗಳು ಬರೀರಿ ಅಂದೆ. ಬರೆದರು. 2023ರ ಯುಗಾದಿ ಹೊತ್ತಿಗೆ ಹದಿನೇಳು ಡಬ್ಬಗಳೂ ಬಂದವು. ದುಡ್ಡು ವಾಪಸ್ ತಗೊಂಡವರಲ್ಲಿ ಇಬ್ಬರು ಮತ್ತೆ ಕಟ್ಟಿದರು. ಮೊದಲು ಕೇಳಿದ ಆ ವಯಸ್ಸಾದವರು ಮತ್ತೆ ಬರಲಿಲ್ಲ. ಈಗಲೂ ಅವರು ರಾತ್ರಿ ಟಾರ್ಚ್ ಹಿಡ್ಕೊಂಡೇ ಹೋಗ್ತಾರೆ. ಊರಿಗೆ ಹೋದಾಗ ಎದುರಿಗೆ ಸಿಕ್ಕರೆ ಚೆನ್ನಾಗೇ ಮಾತಾಡ್ತಾರೆ, ಡಬ್ಬದ ಮಾತು ಮಾತ್ರ ಎತ್ತಲ್ಲ. ನಂಬಿಕೆ ಪೂರ್ತಿ ವಾಪಸ್ ಬಂತು ಅಂತ ನಾನು ಹೇಳದಿರೋದು ಅವರಿಗಾಗಿ.

ಆ ಕಂಪನಿ ಬಿಟ್ಟು ಈಗ ಬೇರೆ ಕಡೆ ಇದ್ದೀನಿ. ಗ್ರಾಹಕರಿಗೆ ಬರೆಯಬೇಕಿದ್ದ ಆ ಪತ್ರ ಮಾತ್ರ ಕೊನೆಗೂ ಬರೆಯಲೇ ಇಲ್ಲ. ತಾತನ ಐದು ಕಾರ್ಡುಗಳು ನನ್ನ ಟೇಬಲ್ ಡ್ರಾಯರಿನಲ್ಲಿವೆ. ನಿಮ್ಮ ಮನೆಯಲ್ಲೂ ಹೀಗೆ ಹಳೇ ಬುಕಿಂಗ್ ರಸೀತಿಗಳು, ಫೋನಿಗೋ ಸ್ಕೂಟರಿಗೋ ಕಾದ ಕಥೆಗಳು ಇದ್ದರೆ ದೊಡ್ಡವರನ್ನ ಕೇಳಿ ಬರೆದಿಡಿ. ಆ ಕಾಲದವರು ಕಾಯೋದರಲ್ಲಿ ಪಿಎಚ್‌ಡಿ ಮಾಡಿದವರು. ಯಾರನ್ನ ನಂಬಬೇಕು ಅನ್ನೋದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು.

ಮತ್ತೆ ಸಿಗೋಣ.